ನ್ಯಾಸ್‌ನ ಹಂಚಿಕೆ ಫೋಲ್ಡರ್‌ಗೆ ಕಂಪ್ಯೂಟರ್ ಜೋಡಿಸಿದ್ದು: ನನ್ನ ಅನುಭವ
ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳಿಗೆ ಮಷಿನಿಂಗ್ ಮಾಡುವ ಸಣ್ಣ ಕಾರ್ಖಾನೆಯೊಂದರ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಡ್ರಾಯಿಂಗ್‌ಗಳಲ್ಲಿ ತಿದ್ದಿದ ಪ್ರತಿ ಯಾವುದು, ಹಳೆಯದು ಯಾವುದು ಎಂಬ ಗೊಂದಲ ಹೆಚ್ಚಿದ್ದರಿಂದ ಮಾಲೀಕರು ನ್ಯಾಸ್ ಒಂದನ್ನು, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೂಲಕ ಬಳಸಬಲ್ಲ ಕಡತ ಸಂಗ್ರಹ ಸಾಧನವನ್ನು, ತರಿಸಿದರು.

ಕರೆಂಟ್ ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗದಂತೆ ರೂಟರ್‌ನಲ್ಲಿ ಅದಕ್ಕೆ 192.168.1.50 ಎಂಬ ಐಪಿಯನ್ನು ಕಾಯ್ದಿರಿಸಿದೆ. ಬಳಿಕ ಡಿಸೈನ್, ಸ್ಟೋರ್, ಲೆಕ್ಕಪತ್ರ ವಿಭಾಗಗಳ ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್ ಖಾತೆ ತೆರೆದೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಖಾತೆ ಸಾಕು ಎಂಬ ಮಾತು ಬಂದಿತ್ತು. ಆದರೆ ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯು ಅಂಥ ಸಂಪರ್ಕವನ್ನು ತಾನಾಗಿಯೇ ನಿರಾಕರಿಸುತ್ತದೆ, ನಿರಾಕರಿಸುವುದೇ ಸರಿ. ನೆಟ್‌ವರ್ಕ್‌ನಲ್ಲಿ ಕಡತ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ 1 ಅನ್ನೂ ನ್ಯಾಸ್‌ನಲ್ಲಿ ಮುಚ್ಚಿದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ಅದರಲ್ಲಿದ್ದ ದೋಷದ ಮೂಲಕವೇ.

ವಿಂಡೋಸ್‌ನಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ತೆರೆದು, ಝಡ್ ಅಕ್ಷರ ಆರಿಸಿ, \\192.168.1.50\ಡ್ರಾಯಿಂಗ್ ಎಂದು ಬರೆದರೆ ಮುಗಿಯಬೇಕಾದ ಕೆಲಸವಿದು. ಆದರೆ ಡಿಸೈನ್ ವಿಭಾಗದ ಹುಡುಗ ಬಂದು, “ಸರ್, ಪಾಸ್‌ವರ್ಡ್ ಬರೋಬರಿ ಹಾಕೇನ್ರಿ, ಆದ್ರೂ ಒಳಗ ಬಿಡವಲ್ದ್ರೀ” ಎಂದ. ಪರದೆಯ ಮೇಲಿದ್ದದ್ದು 1219 ಸಂಖ್ಯೆಯ ದೋಷ. ಒಂದೇ ಲಾಗಿನ್‌ನಲ್ಲಿ ಒಂದು ಸರ್ವರ್‌ಗೆ ಎರಡು ಯೂಸರ್ ಹೆಸರುಗಳಿಂದ ಸಂಪರ್ಕಿಸಲು ವಿಂಡೋಸ್ ಬಿಡುವುದಿಲ್ಲ. ಆತ ಮೊದಲು ಸ್ಟೋರ್‌ನ ಫೋಲ್ಡರನ್ನು ಅಲ್ಲಿಯವರ ಖಾತೆಯಿಂದ ತೆರೆದಿದ್ದ, ಅನಂತರ ತನ್ನ ಹೆಸರು ಕೊಟ್ಟಿದ್ದ. ಪಾಸ್‌ವರ್ಡ್ ಸರಿಯಿದ್ದರೂ ಹಳೆಯ ಸಂಪರ್ಕ ಬದುಕಿರುವವರೆಗೆ ಹೊಸ ಹೆಸರಿಗೆ ಬಾಗಿಲು ತೆರೆಯದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ ಎಂದು ಕೊಟ್ಟು ಜೀವಂತ ಸಂಪರ್ಕಗಳನ್ನು ನೋಡಿ ಅಳಿಸಿದೆ, ವಿಂಡೋಸ್ ಲಾಗಿನ್ ವಿವರಗಳನ್ನು ನೆನಪಿಟ್ಟುಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿದಿದ್ದ ಹಳೆಯ ಹೆಸರನ್ನೂ ತೆಗೆದೆ. ಅವನ ಖಾತೆಯಿಂದಲೇ ಝಡ್ ಡ್ರೈವ್ ತೆರೆಯಿತು. ಒಮ್ಮೆ ಐಪಿಯಿಂದ, ಇನ್ನೊಮ್ಮೆ ಸಾಧನದ ಹೆಸರಿನಿಂದ ಸಂಪರ್ಕಿಸಿ ಈ ನಿಯಮವನ್ನು ದಾಟುವವರಿದ್ದಾರೆ. ಯಾರು ಯಾವ ಹೆಸರಿನಿಂದ ಒಳಗಿದ್ದಾರೆ ಎಂಬುದೇ ಆಮೇಲೆ ತಿಳಿಯದಾಗುವುದರಿಂದ ನಾನು ಆ ದಾರಿ ಹಿಡಿಯಲಿಲ್ಲ. ಸ್ಟೋರ್ ಫೋಲ್ಡರನ್ನು ಓದುವ ಅನುಮತಿಯನ್ನಷ್ಟೇ ಆ ಹುಡುಗನ ಖಾತೆಗೆ ಸೇರಿಸಿದೆ.

ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದ್ದ ಕಂಪ್ಯೂಟರ್‌ಗೆ, ಇಂಥ ಹಂಚಿಕೆ ಫೋಲ್ಡರ್ ಜೋಡಿಸಲು ಬೇಕಾದ ಸಿಫ್ಸ್ ಯುಟಿಲ್ಸ್ ಹಾಕಿ, ಶುರುವಾಗುವಾಗ ಯಾವ ಡ್ರೈವ್‌ಗಳನ್ನು ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಸೇರಿಸಿದ್ದಾಯಿತು. ಪಾಸ್‌ವರ್ಡನ್ನು ಆ ಸಾಲಿನಲ್ಲಿ ಬರೆಯದೆ, ರೂಟ್ ಎಂಬ ಮುಖ್ಯ ಖಾತೆ ಮಾತ್ರ ಓದಬಲ್ಲ ಪ್ರತ್ಯೇಕ ಕಡತದಲ್ಲಿಟ್ಟೆ. ನ್ಯಾಸ್ ಆರಿದ್ದರೂ ಕಂಪ್ಯೂಟರ್ ಶುರುವಾಗುವುದು ನಿಲ್ಲದಿರಲೆಂದು ‘ನೋಫೇಲ್’ ಆಯ್ಕೆಯನ್ನೂ ಕೊಟ್ಟೆ.

ಉಳಿದದ್ದು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಆದೇಶದಂತೆ ನಡೆಯುವ ಯಂತ್ರಗಳಿಗೆ ಪ್ರೋಗ್ರಾಂ ತಯಾರಿಸುವ ತಂತ್ರಾಂಶ. ಎಕ್ಸ್‌ಪ್ಲೋರರ್‌ನಲ್ಲಿ ಕಾಣುವ ಝಡ್ ಡ್ರೈವ್ ಅದರಲ್ಲಿ ಕಾಣುತ್ತಿರಲಿಲ್ಲ. ಅದನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆಯುತ್ತಿದ್ದರು. ಸಾಮಾನ್ಯ ಲಾಗಿನ್‌ನಲ್ಲಿ ಜೋಡಿಸಿದ ಡ್ರೈವ್ ಅಕ್ಷರ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುವ ತಂತ್ರಾಂಶಕ್ಕೆ ಸಿಗುವುದಿಲ್ಲ. ಆ ಅಧಿಕಾರವಿಲ್ಲದೆಯೂ ತಂತ್ರಾಂಶ ಸರಿಯಾಗಿ ನಡೆಯುತ್ತದೆಂದು ಪರೀಕ್ಷಿಸಿ, ಡೆಸ್ಕ್‌ಟಾಪ್ ಐಕಾನ್‌ನಿಂದ ಆ ಗುರುತನ್ನು ತೆಗೆದುಬಿಟ್ಟೆ.