ಮೊಟ್ಟೆಯ ಬಿಳಿಯಲ್ಲಿ ಮೂಡಿದ ಅಜ್ಜಿಯ ಫೋಟೊ

ಹತ್ತು ಮೊಟ್ಟೆ ಒಡೆದು ಬಿಳಿಯನ್ನು ಮಾತ್ರ ತೆಗೆದೆ. ಸುಮಾರು 300 ಮಿ.ಲೀ. ಸಿಕ್ಕಿತು. ಅದಕ್ಕೆ ಉಪ್ಪು ಹಾಕಿ, ಪೂರ್ತಿ ನೊರೆಯಾಗುವ ತನಕ ಕಡೆದು, ಫ್ರಿಜ್ಜಿನಲ್ಲಿಟ್ಟೆ. ಮರುದಿನ ನೊರೆ ಇಳಿದು ತಿಳಿಯಾಗಿತ್ತು. ತೆಳು ಬಟ್ಟೆಯಲ್ಲಿ ಸೋಸಿಕೊಂಡೆ.

ಇದು ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ 1850ರಲ್ಲಿ ತೋರಿಸಿಕೊಟ್ಟ ಆಲ್ಬುಮೆನ್ ಪ್ರಿಂಟ್, ಅಂದ್ರೆ ಮೊಟ್ಟೆಯ ಬಿಳಿ ಹಚ್ಚಿದ ಕಾಗದದ ಮೇಲೆ ಮೂಡಿಸುವ ಫೋಟೊ. 19ನೇ ಶತಮಾನದ ಹಳೆಯ ಫೋಟೊಗಳಲ್ಲಿ ಬಹುಪಾಲು ಇವೇ. ನಮ್ಮ ಅಜ್ಜಿಯ ಫೋಟೊವನ್ನು ಅದೇ ರೀತಿ ಮಾಡಿ ನೋಡಬೇಕು ಅಂತ ನನಗೆ ತುಂಬಾ ಆಸೆಯಿತ್ತು. ನೆಗೆಟಿವ್ ಮಾತ್ರ ಈ ಕಾಲದ್ದು, ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ತೆಗೆಸಿದ್ದು.

ಕಷ್ಟದ ಕೆಲಸ ಅಂದ್ರೆ ಕಾಗದವನ್ನು ಆ ಬಿಳಿಯ ಮೇಲೆ ತೇಲಿಸುವುದು. ಮೂರು ನಿಮಿಷ ತೇಲಬೇಕು, ಮೇಲ್ಭಾಗ ಒದ್ದೆಯಾಗಬಾರದು. ಮೊದಲ ಹಾಳೆಯ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಅದು ಅಜ್ಜಿಯ ಕೆನ್ನೆಯ ಮೇಲೆ ದುಂಡನೆಯ ಬಿಳಿ ಕಲೆಯಾಗಿ ಉಳಿಯಿತು. ಎರಡನೇ ಹಾಳೆಯನ್ನು ಒಂದು ಮೂಲೆಯಿಂದ ನಿಧಾನಕ್ಕೆ ಇಳಿಸಿದೆ, ಸರಿಹೋಯಿತು.

ಒಣಗಿದ ಮೇಲೆ ಮಬ್ಬು ಬೆಳಕಿನ ಕೋಣೆಯಲ್ಲಿ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ದ್ರಾವಣದ ಮೇಲೆ ತೇಲಿಸಿದೆ. ಕೈಗವಸು, ಕನ್ನಡಕ ಬೇಕೇ ಬೇಕು. ಚರ್ಮಕ್ಕೆ ತಾಗಿದರೆ ಕಪ್ಪು ಕಲೆ, ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಬಿಳಿಯಲ್ಲಿರುವ ಉಪ್ಪು ಬೆಳ್ಳಿಯ ಜೊತೆ ಸೇರಿ ಬಿಸಿಲಿಗೆ ಕಪ್ಪಾಗುವ ಪದರ ಆಗುತ್ತದೆ. ಆಮೇಲೆ ನೆಗೆಟಿವ್ ಜೊತೆ ಚೌಕಟ್ಟಿಗೆ ಹಾಕಿ ತಾರಸಿಯ ಬಿಸಿಲಿಗಿಟ್ಟೆ. ಹಿಂಬದಿಯ ಹಲಗೆಯನ್ನು ಅರ್ಧ ಮಾತ್ರ ತೆಗೆದು ನೋಡಬಹುದು, ಚಿತ್ರ ಅಲುಗುವುದಿಲ್ಲ. ಮೊದಲು ಸೆರಗಿನ ಅಂಚು, ಆಮೇಲೆ ಮೂಗುತಿಯ ಸುತ್ತಲಿನ ನೆರಳು ಮೂಡಿತು. ಚಿತ್ರ ಬೆಳಕಿಗೆ ಮತ್ತೆ ಕಪ್ಪಾಗದಂತೆ ಕೊನೆಗೆ ಅದ್ದುವ ಹೈಪೊ ಎಂಬ ದ್ರಾವಣದಲ್ಲಿ ಬಣ್ಣ ಇಳಿಯುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಕಪ್ಪಾಗಲು ಬಿಡಬೇಕು.

ಒಂದು ಹಾಳೆಗೆ ಇಷ್ಟು ಪಾಡು ಅಂದ್ರೆ ಆಗಿನ ಸ್ಟುಡಿಯೊಗಳು ಏನು ಮಾಡುತ್ತಿದ್ದವು? ಪ್ಯಾರಿಸ್ಸಿನ ಡಿಸ್ಡೆರಿ 1854ರಲ್ಲಿ ಪುಟ್ಟ ಕಾರ್ಡ್ ಫೋಟೊಗಳಿಗೆ ಪೇಟೆಂಟ್ ಪಡೆದ. ಒಂದೇ ಗಾಜಿನ ಪ್ಲೇಟಿನಲ್ಲಿ ಎಂಟು ಚಿತ್ರ ತೆಗೆಯುವ ಉಪಾಯ ಬಂತು, ಫೋಟೊ ಅಗ್ಗವಾಯಿತು. ಮೊಟ್ಟೆ ಒಡೆಯುವ ಕೆಲಸ ಕಾರ್ಖಾನೆಗೆ ಹೋಯಿತು. ಜರ್ಮನಿಯ ಡ್ರೆಸ್ಡನ್ ಆಗ ಅದಕ್ಕೆ ಹೆಸರುವಾಸಿಯಾಗಿತ್ತು. 480 ಹಾಳೆಗಳ ಒಂದು ರೀಮಿಗೆ 27 ಡಜನ್ ಮೊಟ್ಟೆ. ಅಲ್ಲಿನ ಒಂದು ಕಂಪನಿ 1888ರಲ್ಲಿ 18,674 ರೀಮ್ ತಯಾರಿಸಿತ್ತು. ಲೆಕ್ಕ ಹಾಕಿದರೆ 60 ಲಕ್ಷ ಮೊಟ್ಟೆ! ಹಳೆಯ ಆಲ್ಬಮ್ಮುಗಳಲ್ಲಿ ಸ್ಟುಡಿಯೊ ಹೆಸರು ಇರುತ್ತದೆ, ಮೊಟ್ಟೆ ಒಡೆದವರದ್ದು ಇರುವುದಿಲ್ಲ. ನನಗೆ ಅದು ಬೇಜಾರಿನ ಸಂಗತಿ.

ಕಾಗದ ತೆಳು, ಒಣಗುತ್ತಲೇ ಸುರುಳಿಯಾಗುತ್ತದೆ. ಅದಕ್ಕೇ ಆಗಿನವರು ದಪ್ಪ ರಟ್ಟಿಗೆ ಅಂಟಿಸುತ್ತಿದ್ದರು. ನಾನೂ ಗಂಜಿ ಹಚ್ಚಿ ಅಂಟಿಸಿ, ಮೇಲೆ ಎರಡು ನಿಘಂಟು ಹೇರಿಟ್ಟಿದ್ದೇನೆ.