ಬೆರಳು ಎತ್ತುವ ಪಾಠ: ಪಿಯಾನೊದಲ್ಲಿ ಸ್ಕಾರ್ಲಾಟಿ ಸೊನಾಟಾ

ಡೊಮೆನಿಕೊ ಸ್ಕಾರ್ಲಾಟಿ ಹುಟ್ಟಿದ್ದು 1685ರಲ್ಲಿ, ನೇಪಲ್ಸ್‌ನಲ್ಲಿ. ಬಾಕ್, ಹ್ಯಾಂಡಲ್ ಹುಟ್ಟಿದ್ದೂ ಅದೇ ವರ್ಷ. ಪೋರ್ಚುಗಲ್‌ನ ರಾಜಕುಮಾರಿಯಾಗಿದ್ದು ಮುಂದೆ ಸ್ಪೇನ್‌ನ ರಾಣಿಯಾದ ಮರಿಯಾ ಬಾರ್ಬರಾಗೆ ಸಂಗೀತ ಕಲಿಸುತ್ತಿದ್ದ ಸ್ಕಾರ್ಲಾಟಿ ಬರೆದ 555 ಸೊನಾಟಾಗಳು (ಕೀಬೋರ್ಡ್ ವಾದ್ಯದ ಚಿಕ್ಕ ಕೃತಿಗಳು) ಇವತ್ತು ಲೆಕ್ಕಕ್ಕೆ ಸಿಗುತ್ತವೆ. ಇವು ಬಹುಮಟ್ಟಿಗೆ ಹಾರ್ಪ್ಸಿಕಾರ್ಡ್‌ಗಾಗಿ ಬರೆದವು. ಆ ವಾದ್ಯದಲ್ಲಿ ಕೀ ಒತ್ತಿದರೆ ಗರಿಯ ಸಣ್ಣ ಕಡ್ಡಿಯೊಂದು ತಂತಿಯನ್ನು ಮೀಟುತ್ತದೆ. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಹಾಗಾಗಿ ನುಡಿಸುವವರ ಕೈಯಲ್ಲಿ ಉಳಿಯುವುದು ಎರಡೇ ಸಂಗತಿ: ಯಾವಾಗ ಒತ್ತಬೇಕು, ಯಾವಾಗ ಎತ್ತಬೇಕು. ಪಿಯಾನೊದಲ್ಲಿ ಕಲಿಯುವವರು ಮೊದಲನೆಯದಕ್ಕೆ ಎಲ್ಲ ಗಮನ ಕೊಟ್ಟು ಎರಡನೆಯದನ್ನು ಮರೆಯುತ್ತಾರೆ. ಸ್ವರಗಳೆಲ್ಲ ಸರಿಯಿದ್ದೂ ಸೊನಾಟಾ ಮಂಕಾಗಿ ಕೇಳುವುದು ಬಹುಪಾಲು ಇದರಿಂದಲೇ.

ಎರಡೂ ಸ್ಟಾಫ್‌ಗಳನ್ನು (ಸ್ವರಲಿಪಿಯ ಐದು ಗೆರೆಗಳ ಸಾಲುಗಳು) ನಿಧಾನವಾಗಿಯಾದರೂ ಓದಲು ಬರಬೇಕು, ಎರಡು ಆಕ್ಟೇವ್ (ಸ್ಥಾಯಿ) ಸ್ಕೇಲ್ ಎರಡೂ ಕೈಯಲ್ಲಿ ತಡವರಿಸದೆ ಬರಬೇಕು. ಅಷ್ಟಿದ್ದರೆ ಸಾಕು. ದಿನಕ್ಕೆ 30–40 ನಿಮಿಷ ಕೂತರೆ ಒಂದು ಸೊನಾಟಾ ಆರರಿಂದ ಎಂಟು ವಾರಕ್ಕೆ ಕೈಗೆ ಬರುತ್ತದೆ.

ಯಾವ ಸೊನಾಟಾ, ಯಾವ ಪ್ರತಿ

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಡಿ ಮೈನರ್‌ನ ಕೆ. 9. ಅದು ಕಷ್ಟ ಎನಿಸಿದರೆ ಅದೇ ಡಿ ಮೈನರ್‌ನಲ್ಲಿ ‘ಆರಿಯಾ’ ಎಂಬ ಹೆಸರಿರುವ ಪುಟ್ಟ ಕೆ. 32ರಿಂದ ಶುರುಮಾಡಿ. ‘ಕೆ.’ ಎಂದರೆ ರಾಲ್ಫ್ ಕರ್ಕ್‌ಪ್ಯಾಟ್ರಿಕ್ 1953ರಲ್ಲಿ ಕೊಟ್ಟ ಕ್ರಮಸಂಖ್ಯೆ. ಅದಕ್ಕೂ ಮುಂಚಿನ ಅಲೆಸ್ಸಾಂಡ್ರೊ ಲಾಂಗೊ ಅವರ ಸಂಖ್ಯೆ ‘ಎಲ್.’ ಎಂದಿರುತ್ತದೆ. ಕೆ. 9 ಎಂದರೆ ಎಲ್. 413. ಬರೀ ‘9’ ಎಂದು ಹುಡುಕಿ ಬೇರೆಯೇ ಸೊನಾಟಾ ಅಚ್ಚು ಹಾಕಿಸಿಕೊಂಡು ಬರುವುದು ಸುಲಭ, ಎರಡೂ ಸಂಖ್ಯೆ ತಾಳೆ ನೋಡಿ.

ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವುದು ಹೆಚ್ಚಾಗಿ ಲಾಂಗೊ ಪ್ರತಿ. ಅದರಲ್ಲಿನ ಜೋರು-ಮೆಲ್ಲಗೆ ಗುರುತುಗಳು, ಉದ್ದುದ್ದ ಸ್ಲರ್ ಗೆರೆಗಳು (ಸ್ವರಗಳನ್ನು ಜೋಡಿಸಿ ನುಡಿಸಿ ಎನ್ನುವ ಬಾಗಿದ ಗೆರೆಗಳು) ಬಹುತೇಕ ಸಂಪಾದಕರು ಸೇರಿಸಿದವು. ಸ್ಕಾರ್ಲಾಟಿಯ ಕೈಬರಹದಲ್ಲಿ ಈ ಸೊನಾಟಾಗಳು ಉಳಿದಿಲ್ಲ. ವೆನಿಸ್ ಮತ್ತು ಪಾರ್ಮಾದಲ್ಲಿರುವ ನಕಲು ಪ್ರತಿಗಳಲ್ಲಿ ಇಂಥ ಗುರುತುಗಳು ಇಲ್ಲವೆನ್ನುವಷ್ಟು ಕಡಿಮೆ. ಲಾಂಗೊ ಪ್ರತಿಯೇ ಕೈಯಲ್ಲಿದ್ದರೆ ಸ್ವರ ಓದಲು ಬಳಸಿ, ಸ್ಲರ್‌ಗಳನ್ನು ಆಜ್ಞೆ ಎಂದುಕೊಳ್ಳಬೇಡಿ.

ವಾದ್ಯವೂ ಮಳೆಗಾಲವೂ

ಹಾರ್ಪ್ಸಿಕಾರ್ಡ್‌ನ ವ್ಯಾಪ್ತಿ ಐದು ಆಕ್ಟೇವ್‌ನ ಆಸುಪಾಸು. ಹಾಗಾಗಿ 61 ಕೀಗಳ ಕೀಬೋರ್ಡ್‌ನಲ್ಲೂ ಅನೇಕ ಸೊನಾಟಾಗಳು ಹಿಡಿಸುತ್ತವೆ. ಒಂದು ಪರೀಕ್ಷೆ ಸಾಕು: ಬಾಸ್ ಸ್ಟಾಫ್‌ನ ಕೆಳಗೆ ಎರಡನೇ ಸಣ್ಣ ಗೆರೆಯ ಮೇಲಿನ ಸಿ ಸ್ವರವೇ 61 ಕೀಗಳ ಕೊನೆ. ಪುಟದಲ್ಲಿ ಅದಕ್ಕಿಂತ ಕೆಳಗಿನ ಸ್ವರ ಇದ್ದರೆ 88 ಕೀಗಳ ವಾದ್ಯವೇ ಬೇಕು. ತೂಕವಿಲ್ಲದ, ಸ್ಪ್ರಿಂಗ್ ಕೀಗಳಲ್ಲಿ ಸ್ವರ ಕಲಿಯಬಹುದು, ಆದರೆ ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಒಂದಾದ ಮೇಲೊಂದು ನುಡಿಸುವುದು) ಅಭ್ಯಾಸ ಪಿಯಾನೊಗೆ ಬಂದಾಗ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ತಂತಿಯ ಪಿಯಾನೊ ಇರುವವರು ಮಲೆನಾಡಿನಲ್ಲಿ ಒಂದು ವಿಷಯ ತಿಳಿದಿರಲೇಬೇಕು. ಪಿಯಾನೊದ ಮರಕ್ಕೆ ಹಿತವಾದ ತೇವಾಂಶ ಶೇ 40ರಿಂದ 60. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಶೇ 80 ದಾಟುವುದು ಸಾಮಾನ್ಯ. ಸೌಂಡ್‌ಬೋರ್ಡ್ (ಸದ್ದನ್ನು ಹಿಗ್ಗಿಸುವ ಮರದ ಹಲಗೆ) ಉಬ್ಬಿ ಶ್ರುತಿ ಏರುತ್ತದೆ, ಕೀಗಳ ಒಳಗಿನ ಬಟ್ಟೆಯ ಪಟ್ಟಿ ಉಬ್ಬಿ ಕೀ ತಡವಾಗಿ ಮೇಲೆ ಬರುತ್ತದೆ. ಟ್ರಿಲ್ ಬರುತ್ತಿಲ್ಲವೆಂದು ವಾರಗಟ್ಟಲೆ ಬೆರಳನ್ನು ಬೈದುಕೊಳ್ಳುವ ಮೊದಲು, ಆ ಎರಡು ಕೀಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ ಬಿಡಿ. ಕೂಡಲೇ ಪುಟಿದು ಬರದಿದ್ದರೆ ತಪ್ಪು ಕೀಯದ್ದು. ಹೊರಗೋಡೆಗೆ ತಾಗಿಸಿ ಇಡಬೇಡಿ, ಕೋಣೆಯಲ್ಲಿ ತೇವಾಂಶ ಮಾಪಕ ಒಂದಿರಲಿ, ಸಾಧ್ಯವಾದರೆ ಡಿಹ್ಯುಮಿಡಿಫೈಯರ್ ಓಡಿಸಿ. ವರ್ಷದ ಶ್ರುತಿ ಕೂಡಿಸುವ ಕೆಲಸ ಮಳೆಯ ನಡುವೆ ಬೇಡ. ಮಳೆ ಹಿಂದೆ ಸರಿದು ಮರ ಒಣಗಿದ ಮೇಲೆ, ನವೆಂಬರ್ ಹೊತ್ತಿಗೆ ಮಾಡಿಸಿದರೆ ಶ್ರುತಿ ನಿಲ್ಲುತ್ತದೆ. ಡಿಜಿಟಲ್ ಪಿಯಾನೊಗೆ ಶ್ರುತಿಯ ಚಿಂತೆಯಿಲ್ಲ. ಏಪ್ರಿಲ್–ಮೇ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡುವುದನ್ನು ಮಾತ್ರ ಮರೆಯಬೇಡಿ.

ಮೊದಲ ವಾರ: ಪೆನ್ಸಿಲ್ ಹಿಡಿದು

ಈ ಸೊನಾಟಾಗಳ ಕಟ್ಟಡ ಸರಳ: ಎರಡು ಅರ್ಧ, ಪ್ರತಿ ಅರ್ಧಕ್ಕೂ ಪುನರಾವರ್ತನೆ. ಡಿ ಮೈನರ್‌ನಲ್ಲಿ ಶುರುವಾದದ್ದು ಮೊದಲರ್ಧದ ಕೊನೆಗೆ ಸಾಮಾನ್ಯವಾಗಿ ಎಫ್ ಮೇಜರ್‌ನಲ್ಲೋ ಎ ಮೈನರ್‌ನಲ್ಲೋ ನಿಲ್ಲುತ್ತದೆ. ಎರಡನೇ ಅರ್ಧ ಅಲ್ಲಿ ಇಲ್ಲಿ ಸುತ್ತಾಡಿ ಡಿ ಮೈನರ್‌ಗೆ ಮರಳುತ್ತದೆ. ಮೊದಲರ್ಧದ ಕೊನೆಯಲ್ಲಿ ಬಂದ ಸಂಗತಿಗಳೇ ಎರಡನೆಯದರ ಕೊನೆಯಲ್ಲಿ ಮೂಲ ಶ್ರುತಿಗೆ ಬದಲಾಗಿ ಬರುತ್ತವೆ. ಸ್ಕಾರ್ಲಾಟಿ ಕಲಿಯುವಾಗ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ತಿಳಿವಳಿಕೆ ಇದು. ಎರಡು ಕೊನೆಗಳನ್ನೂ ಅಕ್ಕಪಕ್ಕ ಇಟ್ಟು, ಒಂದೊಂದು ಬಾರ್ (ತಾಳದ ಒಂದು ಆವರ್ತ) ಆಗಿ, ಬಾರ್‌ನಿಂದ ಬಾರ್‌ಗೆ ಹೋಲಿಸಿ, ಒಂದೇ ಆಗಿರುವ ಭಾಗಕ್ಕೆ ಗೆರೆ ಎಳೆಯಿರಿ. ಅಭ್ಯಾಸ ಆರಂಭಿಸಬೇಕಾದ್ದು ಅಲ್ಲಿಂದ, ಮೊದಲ ಬಾರ್‌ನಿಂದಲ್ಲ. ಕೊನೆಯ ನಾಲ್ಕು ಬಾರ್ ಕಲಿತು, ಅದರ ಹಿಂದಿನ ನಾಲ್ಕನ್ನು ಸೇರಿಸುತ್ತ ಹಿಂದೆ ಹಿಂದೆ ಬನ್ನಿ. ಆಗ ನುಡಿಸುತ್ತ ಹೋದಂತೆ ಹೆಚ್ಚು ಪರಿಚಿತವಾದ ಜಾಗಕ್ಕೇ ತಲುಪುತ್ತೀರಿ. ಎಚ್ಚರಿಕೆ ಒಂದೇ: ಸಂಗತಿ ಒಂದೇ ಆದರೂ ಕಪ್ಪು ಮನೆಗಳು ಬೇರೆಡೆ ಬೀಳುವುದರಿಂದ ಬೆರಳುಗಳು ಒಂದೇ ಆಗಿರುವುದಿಲ್ಲ.

ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಇಲ್ಲೊಂದು ಅನುಕೂಲವಿದೆ. ಡಿ ಎಂದರೆ ‘ಬಿಳಿ ಎರಡು’. ಅದನ್ನು ಷಡ್ಜ ಮಾಡಿಕೊಂಡರೆ ನ್ಯಾಚುರಲ್ ಮೈನರ್‌ನ ಸ್ವರಗಳು ನಠಭೈರವಿಯವು, ಹಾರ್ಮೋನಿಕ್ ಮೈನರ್‌ನವು ಕೀರವಾಣಿಯವು, ಏರುವ ಮೆಲೊಡಿಕ್ ಮೈನರ್‌ನವು ಗೌರಿಮನೋಹರಿಯವು. ನಠಭೈರವಿಯ ಗಾಂಧಾರವನ್ನು ಷಡ್ಜ ಮಾಡಿ ಗ್ರಹಭೇದ ಮಾಡಿದರೆ ಶಂಕರಾಭರಣ, ಅದೇ ಎಫ್ ಮೇಜರ್. ಸೊನಾಟಾ ಎಲ್ಲಿ ಷಡ್ಜ ಬದಲಿಸುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತಿಸಿ. ಗಮಕದ ಅಭ್ಯಾಸವನ್ನು ಮಾತ್ರ ಇಲ್ಲಿಗೆ ತರಬೇಡಿ.

ಬೆರಳಿನ ಸಂಖ್ಯೆಗಳನ್ನೂ (ಹೆಬ್ಬೆರಳು 1, ಕಿರುಬೆರಳು 5) ಇದೇ ವಾರ ಬರೆದು ಮುಗಿಸಿ. ಡಿ ಮೈನರ್ ಸ್ಕೇಲ್‌ಗೆ ಬಲಗೈ 1-2-3-1-2-3-4-5, ಎಡಗೈ 5-4-3-2-1-3-2-1. ದಿನಕ್ಕೊಂದು ಬೆರಳು ಬಳಸಿದರೆ ಕೈ ಏನನ್ನೂ ಕಲಿಯುವುದಿಲ್ಲ. ಒಂದೇ ಕಡೆ ನಾಲ್ಕು ದಿನ ಮುಗ್ಗರಿಸಿದರೆ, ಮುಗ್ಗರಿಸಿದ ಸ್ವರವನ್ನಲ್ಲ, ಅದಕ್ಕಿಂತ ಎರಡು ಸ್ವರ ಹಿಂದಿನ ಬೆರಳನ್ನು ಬದಲಿಸಿ ನೋಡಿ.

ಎತ್ತುವುದು

ಹಾರ್ಮೋನಿಯಂನಿಂದ ಬಂದವರಿಗೆ ಎರಡು ತೊಡಕು. ತಿದಿ ಒತ್ತುತ್ತಿದ್ದ ಎಡಗೈಗೆ ಕೀಗಳ ಅಭ್ಯಾಸವಿಲ್ಲ. ಮುಂದಿನ ಕೀ ಒತ್ತುವವರೆಗೆ, ಕೆಲವೊಮ್ಮೆ ಒತ್ತಿದ ಮೇಲೂ, ಹಿಂದಿನದನ್ನು ಹಿಡಿದಿರುವ ರೂಢಿ ಎರಡನೆಯದು. ಇದಕ್ಕೆ ಒಂದು ವ್ಯಾಯಾಮವಿದೆ. ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಪ್ರತಿ ಬಡಿತವನ್ನು ‘ತ-ಕ-ಧಿ-ಮಿ’ ಎಂದು ನಾಲ್ಕಾಗಿ ಎಣಿಸಿ. ಡಿ-ಇ-ಎಫ್-ಜಿ-ಎ ಐದು ಸ್ವರ, ಒಂದು ಬಡಿತಕ್ಕೆ ಒಂದು. ‘ತ’ಕ್ಕೆ ಒತ್ತಿ ‘ಧಿ’ಗೆ ಎತ್ತಿ: ಅರ್ಧ ಉದ್ದ. ಆಮೇಲೆ ‘ಮಿ’ಗೆ ಎತ್ತಿ: ಮುಕ್ಕಾಲು ಉದ್ದ. ಕೊನೆಗೆ ಬಲಗೈ ಪೂರ್ತಿ ಹಿಡಿದಿರಲಿ, ಎಡಗೈ ಮಾತ್ರ ‘ಧಿ’ಗೆ ಎತ್ತಲಿ. ಮೊದಮೊದಲು ಬಲಗೈಯೂ ಜೊತೆಗೇ ಮೇಲೇಳುತ್ತದೆ. ದಿನಕ್ಕೆ ಐದು ನಿಮಿಷದಂತೆ ಎರಡು ವಾರ ಮಾಡಿದರೆ ಕೈಗಳು ಬೇರೆಯಾಗುತ್ತವೆ.

ಇದನ್ನು ಸೊನಾಟಾಕ್ಕೆ ತರುವಾಗ ಪಕ್ಕಪಕ್ಕದ ಮನೆಗಳಲ್ಲಿ ಹೋಗುವ ವೇಗದ ಸೆಮಿಕ್ವೇವರ್‌ಗಳನ್ನು ಜೋಡಿಸಿ ನುಡಿಸಿ. ಹಾರುವ ಕ್ವೇವರ್‌ಗಳನ್ನು (ಸೆಮಿಕ್ವೇವರ್‌ನ ಎರಡರಷ್ಟು ಉದ್ದದ ಸ್ವರಗಳು) ಅರ್ಧದಿಂದ ಮುಕ್ಕಾಲಿಗೆ ಎತ್ತಿ. ಕರ್ಕಶವಾಗಿ ತಾಗಿ ಪಕ್ಕದ ಸ್ವರಕ್ಕೆ ಇಳಿಯುವ ಜೋಡಿ ಬಂದರೆ ಎರಡನ್ನೂ ಕೂಡಿಸಿ, ಎರಡನೆಯದನ್ನು ಮೆಲ್ಲಗೆ ಬೇಗ ಬಿಡಿ. ಡಿಜಿಟಲ್ ಪಿಯಾನೊದಲ್ಲಿ ಹಾರ್ಪ್ಸಿಕಾರ್ಡ್ ಧ್ವನಿ ಇದ್ದರೆ ವಾರಕ್ಕೊಮ್ಮೆ ಅದರಲ್ಲಿ ನುಡಿಸಿ ಕೇಳಿ. ಜೋರು-ಮೆಲ್ಲಗೆಯ ಮರೆ ಇಲ್ಲದಿರುವುದರಿಂದ ಎಲ್ಲೆಲ್ಲಿ ಬೆರಳು ಅಂಟಿಕೊಂಡಿದೆ ಎಂಬುದು ಬಯಲಾಗುತ್ತದೆ.

ಟ್ರಿಲ್

ಮೊದಲ ಮೂರು ವಾರ ಟ್ರಿಲ್ ಇಲ್ಲದೆಯೇ ನುಡಿಸಿ. ತಾಳ ಗಟ್ಟಿಯಾದ ಮೇಲೆ ಸೇರಿಸಿ. ಸ್ಕಾರ್ಲಾಟಿಯಲ್ಲಿ ಟ್ರಿಲ್ ಸಾಮಾನ್ಯವಾಗಿ ಮೇಲಿನ ಸ್ವರದಿಂದ, ಎಡಗೈಯ ಸ್ವರದ ಜೊತೆಗೇ, ಬಡಿತದ ಮೇಲೆ ಶುರುವಾಗುತ್ತದೆ. ಎಫ್ ಮೇಲೆ ಗುರುತಿದ್ದರೆ ಜಿ-ಎಫ್-ಜಿ-ಎಫ್. ಬೆರಳು 3-2 ಅಥವಾ 4-2, ಯಾವುದು ಹಗುರವೋ ಅದು. ಚುಕ್ಕೆ ಕ್ರಾಚೆಟ್ (ಮೂರು ಕ್ವೇವರ್) ಉದ್ದದ ಸ್ವರಕ್ಕೆ ಆರು ಸ್ವರ, ಕ್ವೇವರ್‌ಗೆ ನಾಲ್ಕು. ವೇಗ ಹೆಚ್ಚಿದಾಗ ನಾಲ್ಕು ಹಿಡಿಸದಿದ್ದರೆ ಜಿ-ಎಫ್ ಎರಡೇ ಸಾಕು. ತಾಳ ತಪ್ಪಿದ ಟ್ರಿಲ್‌ಗಿಂತ ಅದು ಎಷ್ಟೋ ಮೇಲು. ಮಣಿಕಟ್ಟು ಬಿಗಿದರೆ ಕೂಡಲೇ ನಿಲ್ಲಿಸಿ. ಬೆರಳನ್ನು ಕೀಯಿಂದ ತುಂಬ ಮೇಲಕ್ಕೆ ಎತ್ತುವುದೇ ಬಿಗಿತಕ್ಕೆ ಕಾರಣ. ಕೀ ಮೇಲೆ ಬಂದರೆ ಸಾಕು, ಬೆರಳು ಅದನ್ನು ತಾಗಿಯೇ ಇರಲಿ.

ವೇಗ, ಪೆಡಲ್

ಕೆ. 9ರ ತಾಳ 6/8. ಆರು ಸಮ ಬಡಿತವಾಗಿ ಎಣಿಸಿದರೆ ಎಳೆದಂತಾಗುತ್ತದೆ. ‘ತಕಿಟ ತಕಿಟ’ ಎಂದು ತಿಶ್ರ ನಡೆಯ ಎರಡು ಬಡಿತವಾಗಿ ಹೇಳಿಕೊಳ್ಳಿ. ಕ್ವೇವರ್‌ಗೆ 60ರಿಂದ ಶುರುಮಾಡಿ, ಮೂರು ಸಲ ತಪ್ಪಿಲ್ಲದೆ ಬಂದರೆ 4 ಏರಿಸಿ. 120 ತಲುಪಿದಾಗ ಮೆಟ್ರೊನೋಮನ್ನು ಚುಕ್ಕೆ ಕ್ರಾಚೆಟ್‌ಗೆ 40 ಎಂದು ಬದಲಿಸಿ. ವೇಗ ಅದೇ, ಹಿಡಿತ ಬೇರೆ. ಅಲ್ಲಿಂದ 54–60ರವರೆಗೆ ಹೋದರೆ ಧಾರಾಳ. ಶುರುವಿನ ಬಾರ್ ಎಷ್ಟು ಬೇಗ ಬರುತ್ತದೆಂದು ನೋಡದೆ, ಅತಿ ಸಣ್ಣ ಸ್ವರಗಳ ಓಟ ಎಷ್ಟು ವೇಗದಲ್ಲಿ ಸ್ಪಷ್ಟವಾಗಿ ಬರುತ್ತದೋ ಅದನ್ನೇ ಇಡೀ ಸೊನಾಟಾದ ವೇಗ ಮಾಡಿಕೊಳ್ಳಿ.

ಸ್ವರವನ್ನು ಹಿಡಿದಿಡುವ ಕಾಲಿನ ಪೆಡಲ್ ಇಲ್ಲದೆಯೇ ಕಲಿಯಿರಿ. ಕೊನೆಗೆ, ಬೆರಳಿಗೆ ಎಟುಕದ ಜಿಗಿತಗಳಲ್ಲಿ ಮಾತ್ರ ಕ್ಷಣಮಾತ್ರ ತಾಗಿಸಬಹುದು. ಒಂದೇ ಸಂಗತಿ ಎರಡು ಮೂರು ಸಲ ಬಂದರೆ ಪ್ರತಿ ಸಲವೂ ಪ್ರತಿಧ್ವನಿಯಂತೆ ಮೆಲ್ಲಗೆ ಮಾಡುವುದು ಬೇಗ ಬೇಸರ ತರಿಸುತ್ತದೆ. ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಎಡಗೈಯನ್ನು ಇನ್ನಷ್ಟು ಚುಟುಕಾಗಿ ಎತ್ತಿ, ಮತ್ತೊಮ್ಮೆ ಟ್ರಿಲ್ ಸೇರಿಸಿ ನೋಡಿ.

ಇದಾದ ಮೇಲೆ ನಿಧಾನಗತಿಗೆ ಎ ಮೇಜರ್‌ನ ಕೆ. 208, ಕೊಂಬಿನ ಕರೆಯಂಥ ಸ್ವರಗಳಿಗೆ ಸಿ ಮೇಜರ್‌ನ ಕೆ. 159, ಆಮೇಲೆ ಇ ಮೇಜರ್‌ನ ಕೆ. 380 ತೆಗೆದುಕೊಳ್ಳಬಹುದು. ಡಿ ಮೈನರ್‌ನ ಕೆ. 141ಕ್ಕೆ ಆತುರ ಬೇಡ. ಅದರಲ್ಲಿ ಒಂದೇ ಕೀಯನ್ನು 3-2-1, 3-2-1 ಎಂದು ಬೆರಳು ಬದಲಿಸುತ್ತ ಬಾರ್‌ಗಟ್ಟಲೆ ಬಡಿಯಬೇಕು, ತೇವ ಹಿಡಿದ ಕೀ ಅಷ್ಟು ಬೇಗ ಮೇಲೆ ಬರುವುದೇ ಇಲ್ಲ. ಅದನ್ನು ಡಿಸೆಂಬರ್ ಮೇಲೆ ಹಿಡಿಯಿರಿ.