ಕಮ್ಯುನಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್‌ನ ಮೊದಲೆರಡು ವರ್ಷ: ಬೇ ಏರಿಯಾಕ್ಕೆ ಬಂದ ಹೊಸಬರಿಗೆ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾದ ನಮ್ಮ ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಹೊಸಬರು ಸ್ವಲ್ಪ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: "ಮಗನದ್ದು ಪಿಯುಸಿ ಆಗಿದೆ. ಕಮ್ಯುನಿಟಿ ಕಾಲೇಜಿಗೆ ಸೇರಿಸಿದರೆ ಏನೂ ತೊಂದರೆ ಇಲ್ವಾ?" ದನಿ ತಗ್ಗಿಸುವ ಅಗತ್ಯವೇ ಇಲ್ಲ. ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿಇ ಎರಡನೇ ವರ್ಷಕ್ಕೆ ಸೇರಿದವರನ್ನು ನೀವೆಲ್ಲ ನೋಡಿದ್ದೀರಿ. ಇದೂ ಹೆಚ್ಚುಕಡಿಮೆ ಅದೇ ಜಾಡು. ಮೊದಲೆರಡು ವರ್ಷ ಇಲ್ಲಿ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿಗೆ ಹೋಗುವುದು. ಕೊನೆಗೆ ಸಿಗುವ ಪದವಿ ಆ ಯೂನಿವರ್ಸಿಟಿಯದ್ದೇ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಸರ್ಕಾರಿ ಕಾಲೇಜುಗಳು 116 ಇವೆ. ನಮ್ಮ ಸುತ್ತಮುತ್ತಲೇ ಕ್ಯೂಪರ್ಟಿನೋದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಸಾಂಟಾ ಕ್ಲಾರಾದ ಮಿಷನ್, ಫ್ರೀಮಾಂಟ್‌ನ ಓಲೋನಿ, ಲಿವರ್‌ಮೋರ್‌ನ ಲಾಸ್ ಪೊಸಿಟಾಸ್. ಸೇರಲು ಸಿಇಟಿಯೂ ಬೇಡ, ರ‍್ಯಾಂಕೂ ಬೇಡ. ಹೈಸ್ಕೂಲ್ ಮುಗಿಸಿದ್ದರೆ ಅಥವಾ 18 ತುಂಬಿದ್ದರೆ ಬಾಗಿಲು ತೆರೆದೇ ಇರುತ್ತದೆ. ಹೀಗಾಗಿ ಹೊಸಬರು ಸೀಟು ಸಿಕ್ಕಿತೆಂದು ನೆಮ್ಮದಿಯಾಗಿಬಿಡುತ್ತಾರೆ. ಕಷ್ಟ ಇರುವುದು ಸೇರುವುದರಲ್ಲಲ್ಲ, ಯಾವ ಕ್ಲಾಸಿನ ಹಿಂದೆ ಯಾವ ಕ್ಲಾಸು ತೆಗೆದುಕೊಳ್ಳಬೇಕೆಂಬ ಸರದಿಯಲ್ಲಿ.

ಗಣಿತವೇ ಬೆನ್ನೆಲುಬು

ವಿಟಿಯುದಲ್ಲಿ ಓದಿದವರಿಗೆ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ನೆನಪಿರುತ್ತದೆ. ಅಲ್ಲಿ ಯಾವ ಸೈಕಲ್ ಮೊದಲು ಬಂದರೂ ವರ್ಷದ ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಿದ್ದೆವು. ಇಲ್ಲಿ ಹಾಗಲ್ಲ, ಒಂದು ಕ್ಲಾಸು ಪಾಸಾಗದೆ ಮುಂದಿನದರ ಬಾಗಿಲು ತೆರೆಯುವುದಿಲ್ಲ. ಡಿ ಆನ್ಜಾ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಸುಮಾರು ಮೂರು ತಿಂಗಳ ಮೂರು ಅವಧಿ. ಕ್ಯಾಲ್ಕುಲಸ್ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ಭಾಗ, ಕ್ವಾರ್ಟರಿಗೆ ಒಂದು. ಅದರ ಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್ ಮತ್ತು ಲೀನಿಯರ್ ಆಲ್ಜಿಬ್ರಾ. ಫಿಸಿಕ್ಸ್ 4ಎ ತೆಗೆದುಕೊಳ್ಳಲು ಮೊದಲು ಕ್ಯಾಲ್ಕುಲಸ್ ಆಗಿರಬೇಕು. 4ಎ ಆಗದೆ ಸ್ಟ್ಯಾಟಿಕ್ಸ್ ಇಲ್ಲ, ವಿದ್ಯುತ್ತಿನ ಭಾಗವಾದ 4ಬಿ ಆಗದೆ ಸರ್ಕ್ಯೂಟ್ಸ್ ಇಲ್ಲ.

ಸೆಪ್ಟೆಂಬರಿನಲ್ಲಿ 1ಎ ಶುರು ಮಾಡಿದ ಮಗು ಎರಡು ವರ್ಷದಲ್ಲಿ ಎಲ್ಲ ಮುಗಿಸಬಹುದು. ಅದೇ ಮಗು ಪ್ರಿಕ್ಯಾಲ್ಕುಲಸ್‌ನಿಂದ ಶುರು ಮಾಡಿ ಅದರಲ್ಲೇ ಎರಡು ಕ್ವಾರ್ಟರ್ ಕಳೆದರೆ, 1ಡಿ ಮುಗಿಯುವ ಹೊತ್ತಿಗೆ ಎರಡನೇ ವರ್ಷವೇ ಮುಗಿದಿರುತ್ತದೆ. ಬೇಸಿಗೆ ಕ್ಲಾಸುಗಳಲ್ಲಿ ಈ ಹಿನ್ನಡೆ ತುಂಬಿಕೊಳ್ಳದಿದ್ದರೆ ಮೂರನೇ ವರ್ಷ ಗ್ಯಾರಂಟಿ. ನಮ್ಮ ಮನೆಯಲ್ಲೇ ಇದಾಯಿತು. ಮಗಳ ಪಿಯುಸಿ ಅಂಕಪಟ್ಟಿಯನ್ನು ನಾನು ತಡವಾಗಿ ತಲುಪಿಸಿದೆ. ಕಾಲೇಜಿನವರು ಅವಳನ್ನು ಕೆಳಗಿನ ಗಣಿತಕ್ಕೆ ಹಾಕಿದರು, ನಾವು ಅದನ್ನು ಪ್ರಶ್ನಿಸಲೂ ಇಲ್ಲ. ಆರು ತಿಂಗಳು ಹೋಯಿತು. ಸೆಕೆಂಡ್ ಪಿಯುಸಿ ಗಣಿತದಲ್ಲಿ ಲಿಮಿಟ್ಸ್‌ನ ಮುಂದುವರಿಕೆ, ಡೆರಿವೇಟಿವ್, ಇಂಟಿಗ್ರೇಷನ್, ಡಿಫರೆನ್ಷಿಯಲ್ ಈಕ್ವೇಷನ್ಸ್ ಎಲ್ಲ ಬಂದಿರುತ್ತವೆ. ಅಂಕಪಟ್ಟಿ, ಸಿಲಬಸ್ ಪ್ರತಿ ಎರಡನ್ನೂ ಹಿಡಿದು ಕೌನ್ಸೆಲರ್ ಹತ್ತಿರ ಹೋಗಿ, ನೇರ ಕ್ಯಾಲ್ಕುಲಸ್‌ಗೇ ಸೇರಿಸಿ ಎಂದು ಕೇಳಿ. ಊರಿಂದ ಹೊರಡುವ ಮುನ್ನ ಇವನ್ನು ಹ್ಯಾಂಡ್ ಲಗೇಜಿನಲ್ಲೇ ಇಟ್ಟುಕೊಳ್ಳಿ.

"ಪಿಯುಸಿಯಲ್ಲೇ ಮಾಡಿದ್ದಾನಲ್ಲ, 1ಎ ಬಿಟ್ಟು ಮುಂದಕ್ಕೆ ಹಾರಿಸೋಣ" ಎನ್ನುವವರೂ ಇದ್ದಾರೆ. ನನ್ನ ಸಲಹೆ, ಬೇಡ. ಗೊತ್ತಿರುವ ವಿಷಯದಲ್ಲಿ ಎ ಗ್ರೇಡ್ ತೆಗೆದು, ಹೊಸ ಪದ್ಧತಿಗೆ ಹೊಂದಿಕೊಳ್ಳಲು ಆ ಒಂದು ಕ್ವಾರ್ಟರ್ ಬೇಕೇ ಬೇಕು. ವರ್ಷದ ಕೊನೆಯ ಒಂದೇ ಪರೀಕ್ಷೆ ನೆಚ್ಚಿಕೊಂಡು ಬಂದ ಮಕ್ಕಳಿಗೆ ವಾರವಾರವೂ ಹೋಮ್‌ವರ್ಕ್, ಕ್ವಿಜ್, ಮಿಡ್‌ಟರ್ಮ್ ಎಂದರೆ ಉಸಿರು ಕಟ್ಟುತ್ತದೆ.

ಕ್ಲಾಸಿನ ಒಳಗೆ

ಇಂಟ್ರೊಡಕ್ಷನ್ ಟು ಎಂಜಿನಿಯರಿಂಗ್ ಎಂಬ ಮೊದಲ ಕ್ಲಾಸನ್ನು ನಮ್ಮ ಮಕ್ಕಳು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಏಕೆಂದರೆ ಅದರಲ್ಲಿ ಲೆಕ್ಕ ಕಡಿಮೆ. ನಾಲ್ಕೈದು ಜನರ ತಂಡದಲ್ಲಿ ಏನಾದರೊಂದು ಮಾಡಿ ತೋರಿಸಬೇಕು, ಅದು ಮುರಿದರೆ ಯಾಕೆ ಮುರಿಯಿತೆಂದು ವರದಿ ಬರೆಯಬೇಕು, ಎಲ್ಲರೆದುರು ನಿಂತು ಹೇಳಬೇಕು. ಜೆಇಇ ಪ್ರಶ್ನೆಗಳನ್ನು ನೀರು ಕುಡಿದಂತೆ ಬಿಡಿಸುವ ಹುಡುಗರು ಎರಡು ಪುಟದ ವರದಿಗೆ ತಡವರಿಸಿದ್ದನ್ನು ನೋಡಿದ್ದೇನೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಕೆಲಸಗಳು ಹೇಗಿರುತ್ತವೆ ಎಂದು ತಿಳಿದು ತನ್ನ ದಾರಿ ಆರಿಸಿಕೊಳ್ಳಲು ಇದೇ ಸಮಯ. ಇಲ್ಲಿ ಬ್ರ್ಯಾಂಚನ್ನು ರ‍್ಯಾಂಕ್ ನಿರ್ಧರಿಸುವುದಿಲ್ಲ.

ಸ್ಟ್ಯಾಟಿಕ್ಸ್ ಎಂದರೆ ನಾವು ಮೊದಲ ವರ್ಷ ಎಲಿಮೆಂಟ್ಸ್ ಆಫ್ ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಓದಿದ ಮೆಕ್ಯಾನಿಕ್ಸೇ. ಫ್ರೀ ಬಾಡಿ ಡಯಾಗ್ರಮ್ (ವಸ್ತುವಿನ ಮೇಲಿನ ಬಲಗಳನ್ನೆಲ್ಲ ತೋರಿಸುವ ಚಿತ್ರ) ಸರಿಯಾಗಿ ಬರೆದರೆ ಅರ್ಧದಷ್ಟು ಅಂಕ ಕೈಯಲ್ಲಿದ್ದಂತೆ. ನಮ್ಮ ಮಕ್ಕಳು ಮುಗ್ಗರಿಸುವುದು ಅಳತೆಗಳಲ್ಲಿ. ನ್ಯೂಟನ್, ಮೀಟರ್ ಜೊತೆಗೆ ಪೌಂಡ್, ಅಡಿ, ಸ್ಲಗ್, ಕಿಪ್ ಎಲ್ಲವೂ ಬರುತ್ತವೆ. ಗುರುತ್ವ 9.81 ಇದ್ದದ್ದು ಥಟ್ಟನೆ 32.2 ಆಗುತ್ತದೆ. ಪೌಂಡ್ ಎಂಬುದು ಬಲ, ದ್ರವ್ಯರಾಶಿಯಲ್ಲ ಎಂಬುದನ್ನು ಮೊದಲ ವಾರವೇ ಮನದಟ್ಟು ಮಾಡಿಕೊಳ್ಳಲಿ. ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರ್ ಹೊತ್ತು ತರಬೇಡಿ, ಇಲ್ಲಿ ಎಲ್ಲ ಕಂಪ್ಯೂಟರಿನಲ್ಲೇ.

ಪುಸ್ತಕಕ್ಕೆ ದುಡ್ಡು ಸುರಿಯುವ ಮುನ್ನ ಓಪನ್‌ಸ್ಟ್ಯಾಕ್ಸ್ ನೋಡಿ. ರೈಸ್ ಯೂನಿವರ್ಸಿಟಿಯವರ ಕ್ಯಾಲ್ಕುಲಸ್, ಯೂನಿವರ್ಸಿಟಿ ಫಿಸಿಕ್ಸ್ ಸಂಪುಟಗಳು ಅಲ್ಲಿ ಪುಕ್ಕಟೆ.

ಕ್ಲಾಸಿನ ಹೊರಗೆ ಸಂಶಯ ಕೇಳಲು ಇಟ್ಟಿರುವ ಪ್ರೊಫೆಸರುಗಳ ಆಫೀಸ್ ಅವರ್‌ಗೆ ಮಕ್ಕಳು ಹೋಗಲೇಬೇಕು. ಸಂಶಯ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಎಂಬ ಭಯ ನಮ್ಮ ಮಕ್ಕಳಲ್ಲಿ ಆಳವಾಗಿದೆ. ಇಲ್ಲಿ ಕೇಳದವರನ್ನು ಯಾರೂ ಗಮನಿಸುವುದಿಲ್ಲ ಅಷ್ಟೆ.

ವೀಸಾ ಮತ್ತು ಶುಲ್ಕ

ಶುಲ್ಕ ಯೂನಿಟ್ ಲೆಕ್ಕದಲ್ಲಿ, ಯೂನಿಟ್ ಎಂದರೆ ಒಂದೊಂದು ಕ್ಲಾಸಿನ ತೂಕದ ಅಳತೆ. ಸೆಮಿಸ್ಟರ್ ಕಾಲೇಜುಗಳಲ್ಲಿ ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಕಾಲೇಜುಗಳಲ್ಲಿ 31. ಆದರೆ ಇದು ರಾಜ್ಯದ ನಿವಾಸಿಗಳಿಗೆ. ಬಂದು ಒಂದು ವರ್ಷ ದಾಟದವರಿಗೆ ಇದರ ಮೇಲೆ ಯೂನಿಟ್‌ಗೆ ನೂರಾರು ಡಾಲರ್ ಹೆಚ್ಚು. ಎಚ್-4ರಲ್ಲಿ (ಎಚ್-1ಬಿ ನೌಕರರ ಕುಟುಂಬದ ವೀಸಾ) ಇರುವ ಮಕ್ಕಳೂ ವರ್ಷ ತುಂಬಿದ ಮೇಲೆ ನಿವಾಸಿಗಳೆಂದು ಪರಿಗಣಿತರಾಗಬಹುದು. ಆದ್ದರಿಂದ ಬಂದ ದಿನದಿಂದಲೇ ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ಪತ್ರಗಳನ್ನು ಒಂದು ಕಡತದಲ್ಲಿ ಜೋಡಿಸಿಡಿ.

ಎಚ್-4 ಮಕ್ಕಳು ಧಾರಾಳವಾಗಿ ಓದಬಹುದು, ಆದರೆ ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಫೆಡರಲ್ ಸರ್ಕಾರದ ನೆರವೂ ಇಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ಮತ್ತೆ ಹೊರರಾಜ್ಯದ ಶುಲ್ಕ. ಗ್ರೀನ್ ಕಾರ್ಡ್ ಸಾಲಿನಲ್ಲಿ ಇರುವವರು ಮಗುವಿಗೆ 19 ಆಗುತ್ತಿದ್ದಂತೆ ವಕೀಲರ ಹತ್ತಿರ ಮಾತಾಡಿ. ಈ ವಿಷಯದಲ್ಲಿ ಸ್ನೇಹಿತರ ವಾಟ್ಸಾಪ್ ಸಲಹೆ ಸಾಲದು.

ಹೈಸ್ಕೂಲಿನಲ್ಲಿ ಇರುವಾಗಲೇ ಒಂದೆರಡು ಕಾಲೇಜು ಕ್ಲಾಸು ತೆಗೆದುಕೊಳ್ಳುವ ಡ್ಯುಯಲ್ ಎನ್‌ರೋಲ್‌ಮೆಂಟ್ ಬಗ್ಗೆ ಶಾಲೆಯ ಕೌನ್ಸೆಲರನ್ನು ಕೇಳಿ. ಇದಕ್ಕೆ ಬಹುತೇಕ ಕಡೆ ಕ್ಲಾಸಿನ ಶುಲ್ಕ ಇರುವುದಿಲ್ಲ.

ಮೂರನೇ ವರ್ಷದ ಕಡೆಗೆ

ಮೊದಲ ದಿನವೇ ಅಸಿಸ್ಟ್ ಡಾಟ್ ಆರ್ಗ್ ತಾಣ ತೆರೆಯಿರಿ. ನಿಮ್ಮ ಕಾಲೇಜಿನ ಯಾವ ಕ್ಲಾಸು ಬರ್ಕ್‌ಲಿಯ ಅಥವಾ ಸ್ಯಾನ್ ಹೋಸೆ ಸ್ಟೇಟ್‌ನ ಯಾವ ಕ್ಲಾಸಿಗೆ ಸಮ ಎಂದು ಅಲ್ಲಿದೆ. ಮೆಕ್ಯಾನಿಕಲ್‌ಗೆ ಬೇಕಾದದ್ದು ಬೇರೆ, ಎಲೆಕ್ಟ್ರಿಕಲ್‌ಗೆ ಬೇರೆ. ಪಟ್ಟಿ ಮುದ್ರಿಸಿ ಓದುವ ಮೇಜಿನ ಮೇಲೆ ಅಂಟಿಸಿಡಿ.

ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಎಂಬ ಒಪ್ಪಂದದಡಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಖಚಿತ ಸೀಟು ಪಡೆಯಬಹುದು. ಬರ್ಕ್‌ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಎಂಜಿನಿಯರಿಂಗ್‌ನ ಎಲ್ಲ ವಿಭಾಗಗಳಿಗೂ ಟ್ಯಾಗ್ ಇಲ್ಲ. ಸಾಂಟಾ ಬಾರ್ಬರಾದ ಎಂಜಿನಿಯರಿಂಗ್ ಕಾಲೇಜಿಗೆ ಇಲ್ಲವೇ ಇಲ್ಲ. ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ. ಅದು ಹಾಕಿದ ಮೇಲೂ ಯುಸಿಯ ಮಾಮೂಲಿ ಅರ್ಜಿ ಬೇರೆಯೇ ಹಾಕಬೇಕು, ಇದನ್ನು ಮರೆಯುವವರು ಇದ್ದಾರೆ.

ಇನ್ನೊಂದು ಮಾತು ತಂದೆತಾಯಿಗಳಿಗೆ. ಮಗುವಿಗೆ 18 ತುಂಬದಿದ್ದರೂ ಕಾಲೇಜಿನವರು ಅಂಕಗಳನ್ನು ನಿಮಗೆ ಹೇಳುವುದಿಲ್ಲ. ಅದು ಅಮೆರಿಕದ ಕಾನೂನು. ಫೋನ್ ಮಾಡಿದರೂ ಮಗುವಿನ ಲಿಖಿತ ಒಪ್ಪಿಗೆ ಕೇಳುತ್ತಾರೆ. ಊಟದ ಹೊತ್ತಿನಲ್ಲಿ ಮಗುವೇ ಹೇಳುವಂಥ ವಾತಾವರಣ ಮನೆಯಲ್ಲಿರಲಿ. ಕ್ಲಾಸು ಕೈಮೀರುತ್ತಿದೆ ಎಂದು ಅವನು ಬಾಯಿಬಿಟ್ಟರೆ ಗದರಬೇಡಿ. ಕ್ಲಾಸು ಬಿಡುವ ಕೊನೆಯ ದಿನಾಂಕ ದಾಟಿ, ಆಮೇಲೆ ಫೇಲಾದರೆ ಎಫ್ ಗ್ರೇಡು ದಾಖಲೆಯಲ್ಲಿ ಉಳಿಯುತ್ತದೆ.

ಓರಿಯೆಂಟೇಷನ್ ಮುಗಿಸಿ, ಕೌನ್ಸೆಲರ್ ಜೊತೆ ಕೂತು ಎಜುಕೇಷನ್ ಪ್ಲಾನ್ ಮಾಡಿಸಿದವರಿಗೆ ನೋಂದಣಿಯ ದಿನ ಬೇಗ ಸಿಗುತ್ತದೆ. ಫಿಸಿಕ್ಸ್ 4ಎಯಂಥ ಕ್ಲಾಸುಗಳು ಬೇಗ ತುಂಬುತ್ತವೆ. ವೇಟ್‌ಲಿಸ್ಟಿನಲ್ಲಿ ಇದ್ದರೂ ಮೊದಲ ದಿನ ಕ್ಲಾಸಿಗೆ ಹೋಗಿ ಕೂರಲಿ. ಸೀಟು ಸಿಕ್ಕವರಲ್ಲಿ ಅಂದು ಬಾರದವರನ್ನು ತೆಗೆದು, ಎದುರು ಕೂತವರಿಗೆ ಕ್ಲಾಸಿಗೆ ಹೆಸರು ಸೇರಿಸಿಕೊಳ್ಳಲು ಬೇಕಾದ ಆ್ಯಡ್ ಕೋಡನ್ನು ಪ್ರೊಫೆಸರ್ ಕೊಡುವುದುಂಟು.